ಮೊದಲ ಚೆಂಡು ಯಾರದು?

ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನು ಹತ್ತಬೇಕಾಗಿಲ್ಲ, ಸುಮ್ಮನೆ ಒಳಗೆ ನಡೆದರಾಯಿತು. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಎತ್ತರ. 2018ರಿಂದ ಓಡುತ್ತಿರುವ ಈ ಬಸ್ಸಿನ ಈ ಗುಣ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು, ಒಬ್ಬ ತಂದೆ ತನ್ನ ಹತ್ತು–ಹನ್ನೊಂದರ ಮಗನನ್ನು ಗಾಲಿಕುರ್ಚಿಯ ಸಮೇತ ಒಂದೇ ನೂಕಿಗೆ ಒಳಗೆ ತಂದಾಗ. ಹುಡುಗನ ತೊಡೆಯ ಮೇಲೊಂದು ಟೆನಿಸ್ ರಾಕೆಟ್ ಇತ್ತು.

"ಇವತ್ತ ಸರ್ವ್ ಹೇಳಿಕೊಡ್ತಾರಂತ್ರಿ. ರಾತ್ರಿ ನಿದ್ದೀನ ಮಾಡಿಲ್ಲ ಇಂವ" ಎಂದರು ತಂದೆ. ನಾನು ನೋಡಲು ಹೊರಟಿದ್ದೂ ಅದೇ ತರಗತಿಯನ್ನು. ಉಣಕಲ್ ಕೆರೆ, ನವನಗರ, ಸತ್ತೂರು, ನವಲೂರು ದಾಟುವಷ್ಟರಲ್ಲಿ ತಂದೆ ತಮ್ಮ ಫೋನಿನಲ್ಲಿ ಬೆಂಗಳೂರಿನ ಶೇಖರ್ ವೀರಸ್ವಾಮಿಯವರ ಆಟ ತೋರಿಸಿದರು. ಗಾಲಿಕುರ್ಚಿ ಟೆನಿಸ್‌ನಲ್ಲಿ ದೇಶದ ಮುಂಚೂಣಿಯ ಆಟಗಾರ ಅವರು. ವಿಡಿಯೊ ಮುಗಿದಾಗಲೆಲ್ಲ ಹುಡುಗ ಮತ್ತೆ ಮೊದಲಿನಿಂದ ಹಾಕಿಸುತ್ತಿದ್ದ.

ವಿಶೇಷ ಅಗತ್ಯವುಳ್ಳ ಮಕ್ಕಳ ಆ ತರಗತಿ ನಡೆಯುವುದು ಧಾರವಾಡದ ಒಂದು ಶಾಲೆಯ ಅಂಗಳದಲ್ಲಿ. ಮಕ್ಕಳ ಖಾಸಗಿತನಕ್ಕಾಗಿ ಹೆಸರು ಬರೆಯುವುದಿಲ್ಲ. ಸುಣ್ಣದ ಗೆರೆ, ತಗ್ಗಿಸಿ ಕಟ್ಟಿದ ಬ್ಯಾಡ್ಮಿಂಟನ್ ನೆಟ್, ಬೇಲಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಬುಟ್ಟಿಗಳು. ಪೂರ್ಣ ಕೋರ್ಟು 78 ಅಡಿ ಉದ್ದ. ಇಲ್ಲಿ ಹಾಕಿದ್ದು 36 ಅಡಿಯದು. ಚೆಂಡು ಕೆಂಪು ಗುರುತಿನದು, ಮಾಮೂಲಿ ಚೆಂಡಿಗಿಂತ ಶೇ 75ರಷ್ಟು ನಿಧಾನ. ಪುಟ್ಟ ಮಕ್ಕಳಿಗೆಂದು ಜಗತ್ತೆಲ್ಲ ಬಳಸುವ ಅಳತೆಗಳೇ ಇವು.

ಸರ್ವ್ ಕಲಿಯುವುದು ಯಾವ ಮಗುವಿಗೂ ಸುಲಭವಲ್ಲ. ಒಂದು ಕೈ ಚೆಂಡನ್ನು ಮೇಲೆ ಬಿಡಬೇಕು, ಇನ್ನೊಂದು ಕೈ ಹಿಂದಕ್ಕೆ ಹೋಗಿ ಸುತ್ತಿ ಬರಬೇಕು, ಕಣ್ಣು ಆಕಾಶದಲ್ಲಿರಬೇಕು, ಕಾಲು ಗೆರೆ ತುಳಿಯಬಾರದು. ಎರಡು ಕೈ ಎರಡು ಬೇರೆ ಕೆಲಸ ಮಾಡುವುದೇ ಕಷ್ಟವಾದ ಮಕ್ಕಳಿಗೆ ಇದನ್ನು ಹೇಗೆ ಕಲಿಸುತ್ತಾರೆ? ನನ್ನ ತಲೆಯಲ್ಲಿದ್ದುದು ಇದೊಂದೇ ಪ್ರಶ್ನೆ.

ಅಕ್ಕೋರು (ಕಲಿಸುವ ಶಿಕ್ಷಕಿಯನ್ನು ಮಕ್ಕಳು ಕರೆಯುವುದು ಹಾಗೆ) ಅದಕ್ಕೆ ಮಾತಿನಲ್ಲಿ ಉತ್ತರಿಸಲಿಲ್ಲ. ಒಬ್ಬ ಹುಡುಗಿಯನ್ನು ತಂತಿ ಬೇಲಿಯ ಎದುರು ನಿಲ್ಲಿಸಿದರು. ಚೆಂಡನ್ನು ಬೇಲಿಗೆ ಎತ್ತರದಲ್ಲಿ ಒತ್ತಿ ಹಿಡಿದು, ರಾಕೆಟ್ಟಿನಿಂದ ಅದನ್ನು ಮುಟ್ಟು ಎಂದರು. ಮುಟ್ಟಿದಳು. "ಭೇಷ್! ಸರ್ವ್ ಮುಗೀತು." ಆಮೇಲೆ ರಾಕೆಟ್ ಒಂದು ಗೇಣು ಹಿಂದೆ ಹೋಯಿತು, ಅಲ್ಲಿಂದ ಬಂದು ಮುಟ್ಟಿತು. ಮತ್ತೊಂದು ಗೇಣು. ಕೊನೆಗೆ ಭುಜದ ಹಿಂದಿನಿಂದ. ಪಾಠ ತಲೆಕೆಳಗಾಗಿ ಸಾಗುತ್ತಿತ್ತು: ಕೊನೆಯದು ಮೊದಲು, ಮೊದಲಿನದು ಕೊನೆಗೆ. ಮೊದಲಿನಿಂದ ಕಲಿಸಿದರೆ ಮಗು ಅರ್ಧದಾರಿಯಲ್ಲಿ ಎಡವಿ ಪ್ರತಿ ಸಲ ಸೋಲಿನಲ್ಲೇ ನಿಲ್ಲುತ್ತದೆ. ಹೀಗೆ ಕಲಿಸಿದರೆ ಪ್ರತಿ ಯತ್ನವೂ ಚೆಂಡಿಗೆ ತಾಗಿಯೇ ಮುಗಿಯುತ್ತದೆ. ಇಷ್ಟು ಸರಳವಾದ ಉಪಾಯದಲ್ಲಿ ಎಷ್ಟು ಕರುಣೆಯಿದೆ ಎಂದು ನಾನು ಬೆರಗಾಗಿ ನಿಂತೆ.

ಚೆಂಡು ಮೇಲೆ ಬಿಡುವುದನ್ನು ಬೇರೆಯಾಗಿ ಕಲಿಸುತ್ತಾರೆ, ರಾಕೆಟ್ಟೇ ಇಲ್ಲದೆ. ಮುಂದೊಂದು ಬುಟ್ಟಿ, ಚೆಂಡು ಮೇಲೆ ಹೋಗಿ ಅದರೊಳಗೇ ಬೀಳಬೇಕು. "ಒಗೀಬ್ಯಾಡ ತಮ್ಮಾ. ಮ್ಯಾಲಿನ ಗೂಡಿನ್ಯಾಗ ಪೇಡೆ ಡಬ್ಬಿ ಇಟ್ಟಂಗ ಹಗೂರ ಇಡು." ಪೇಡೆ ಎಂದದ್ದೇ ತಡ, ಅಂಗೈ ತಾನಾಗಿ ಚಪ್ಪಟೆಯಾಯಿತು.

ಡೌನ್ ಸಿಂಡ್ರೋಮ್ ಇರುವ ಹುಡುಗಿಗೆ ಮಾತ್ರ ಚೆಂಡು ನೆತ್ತಿಯ ಮೇಲಲ್ಲ, ಮುಂದಕ್ಕೆ, ತುಸು ತಗ್ಗಿನಲ್ಲಿ. ಈ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೇಲ್ತುದಿಯ ಎರಡು ಎಲುಬುಗಳ ಜೋಡಣೆ ಸಡಿಲವಿರುತ್ತದೆ. ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸಿದರೆ ಅಪಾಯ. ವೈದ್ಯರನ್ನು ಕೇಳದೆ ಅಕ್ಕೋರು ಯಾರಿಗೂ ರಾಕೆಟ್ ಕೊಡುವುದಿಲ್ಲ.

ಆಟಿಸಂ ಇರುವ ಹುಡುಗನ ಜಾಗದಲ್ಲಿ ಒಂದು ದಾರ ಕಟ್ಟಿತ್ತು. ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ನಾಲ್ಕು ಚಿತ್ರಗಳು. ನಿಲ್ಲುವುದು, ಚೆಂಡು ತೋರಿಸುವುದು, ಮೇಲೆ ಬಿಡುವುದು, ಹೊಡೆಯುವುದು. ಅವನು ಮೊದಲ ಚಿತ್ರ ನೋಡಿದ, ತಿರುವಿ ಹಾಕಿದ, ನಿಂತ. ತುಂಬ ಹೊತ್ತು ನಿಂತ. ನೆಟ್‌ನ ಆಚೆ ಒಬ್ಬ ಗೆಳೆಯ ರಾಕೆಟ್ ಹಿಡಿದು ಕಾದಿದ್ದ. ಯಾರೂ "ಲಗೂನ ಹೊಡಿ" ಎನ್ನಲಿಲ್ಲ. ಟೆನಿಸ್‌ನಲ್ಲಿ ಬೇರೆ ಯಾವ ಹೊಡೆತವಾದರೂ ಎದುರಾಳಿ ಕಳಿಸಿದ ಚೆಂಡಿಗೆ ಓಡಿಹೋಗಿ ಕೊಡುವ ಉತ್ತರ. ಸರ್ವ್ ಒಂದರಲ್ಲಿ ಮಾತ್ರ ಚೆಂಡು ನಮ್ಮ ಕೈಯಲ್ಲಿ, ಹೊತ್ತೂ ನಮ್ಮದು. ದಿನವಿಡೀ ಬೇರೆಯವರು ಏಳಿಸಿ, ಉಣಿಸಿ, ಕರೆದೊಯ್ಯುವ ಮಗು ಇಲ್ಲಿ ತಾನೇ ಒಂದನ್ನು ಆರಂಭಿಸುತ್ತದೆ. ಅಲ್ಲಿಯವರೆಗೆ ಎದುರಿನವನು ಕಾಯುತ್ತಾನೆ. ಈ ಮಕ್ಕಳಿಗೆ ಟೆನಿಸ್ ಕಲಿಸುವುದಾದರೆ ಸರ್ವ್ ಕೊನೆಗಿರಲಿ ಎನ್ನುವವರಿದ್ದಾರೆ, ಕಷ್ಟವೆಂಬ ಕಾರಣಕ್ಕೆ. ಅಂದು ಆ ಅಂಗಳದಲ್ಲಿ ನಿಂತವರಾರೂ ಆ ಮಾತನ್ನು ಒಪ್ಪಲಾರರು. ನಾಲ್ಕನೆಯ ಚಿತ್ರ ತಿರುಗಿತು, ಚೆಂಡು ನೆಟ್ ದಾಟಿತು.

ಬಸ್ಸಿನಲ್ಲಿ ಸಿಕ್ಕ ಹುಡುಗನ ಸರದಿ ಬಂತು. ಅವನ ಎಡಗೈ ಚೆಂಡು ಹಿಡಿಯಲಾರದು. ಬಲಗೈಯ ರಾಕೆಟ್ಟಿನ ಮೇಲೇ ಚೆಂಡಿಟ್ಟು, ಚಿಮ್ಮಿಸಿ, ಅದೇ ರಾಕೆಟ್ಟಿನಿಂದ ಹೊಡೆಯಬೇಕು. ಇದು ಅವನಿಗೆಂದು ಮಾಡಿಕೊಟ್ಟ ರಿಯಾಯಿತಿಯಲ್ಲ: ಒಂದೇ ಕೈ ಬಳಸಬಲ್ಲ ಆಟಗಾರ ಚೆಂಡನ್ನು ರಾಕೆಟ್ಟಿನಿಂದಲೇ ಮೇಲೆ ಬಿಡಬಹುದೆಂದು ಟೆನಿಸ್‌ನ ನಿಯಮದಲ್ಲೇ ಬರೆದಿದೆ. ಗಾಲಿಕುರ್ಚಿಯವರಿಗೆ ಚೆಂಡು ಎರಡು ಸಲ ಪುಟಿಯಬಹುದು. ಸರ್ವ್‌ಗೆ ಮುಂಚೆ ಕುರ್ಚಿ ನಿಶ್ಚಲವಾಗಿರಬೇಕು, ಆಮೇಲೆ ಒಂದೇ ನೂಕು. 1976ರಲ್ಲಿ ಅಮೆರಿಕದ ಬ್ರಾಡ್ ಪಾರ್ಕ್ಸ್ ಆರಂಭಿಸಿದ ಈ ಆಟ 1992ರ ಬಾರ್ಸಿಲೋನಾದಿಂದ ಪ್ಯಾರಾಲಿಂಪಿಕ್ಸ್‌ನ ಪದಕದ ಆಟವಾಗಿದೆ. ಹುಡುಗನ ಚೆಂಡುಗಳು ನೆಟ್‌ಗೆ ಬಡಿದವು, ಪಕ್ಕಕ್ಕೆ ಹಾರಿದವು, ತಂದೆಯ ಕಾಲಬುಡಕ್ಕೂ ಬಂದವು. ಆಮೇಲೊಂದು ಆಚೆ ಬಿತ್ತು. ಅವನು ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುವವರೂ ಕತ್ತು ಹೊರಳಿಸಿದರು.

ಕಿವಿ ಕೇಳದ ಮಕ್ಕಳಿಗೆ ಅಕ್ಕೋರು ಎದುರು ನಿಂತು ಮೊದಲು ಮಾಡಿ ತೋರಿಸುತ್ತಾರೆ, ಆಮೇಲೆ ಕೈಸನ್ನೆ. ಎರಡೂ ಒಟ್ಟಿಗೆ ಇಲ್ಲ, ಕಣ್ಣು ಎರಡು ಕಡೆ ನೋಡಲಾರದಲ್ಲ. ಕಿವಿ ಕೇಳದ ಆಟಗಾರರಾದ ಪೃಥ್ವಿ ಶೇಖರ್ ಮತ್ತು ಜಫ್ರೀನ್ ಶೇಖ್ 2022ರಲ್ಲಿ ಬ್ರೆಜಿಲ್‌ನ ಡೆಫ್ಲಿಂಪಿಕ್ಸ್‌ನಿಂದ ಮಿಶ್ರ ಡಬಲ್ಸ್ ಕಂಚು ತಂದದ್ದು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು.

ಅತಿ ದೊಡ್ಡ ವಿಸ್ಮಯ ಇನ್ನೂ ಬಾಕಿಯಿತ್ತು. ಕಣ್ಣು ಕಾಣದ ಹುಡುಗಿಯೊಬ್ಬಳು ಗೆರೆಯನ್ನು ಪಾದದಿಂದ ತಡವಿಕೊಂಡು ಬಂದಳು. ಗೆರೆಯ ಕೆಳಗೆ ದಾರವಿಟ್ಟು ಪಟ್ಟಿ ಅಂಟಿಸಿದ್ದರು. ಅವಳ ಕೈಯಲ್ಲಿ ಸ್ಪಂಜಿನ ಚೆಂಡು, ಅಲುಗಿಸಿದರೆ ಗಲಗಲ ಎನ್ನುವಂಥದು. ಜಪಾನಿನ ಮಿಯೋಶಿ ತಾಕೇಯಿ, ತಾವೂ ಕಣ್ಣು ಕಾಣದವರು, 1984ರಲ್ಲಿ ರೂಪಿಸಿದ ಆಟವಿದು. "ರೆಡಿ?" ಎಂದು ಅವಳು ಕೇಳಿದಳು. "ಯೆಸ್" ಎಂದು ಆಚೆಯಿಂದ ದನಿ. "ಪ್ಲೇ" ಎಂದು ಹೊಡೆದಳು. ಈ ಮೂರು ಮಾತು ಆಟದ ನಿಯಮವೇ. ಆಚೆಯವನು ಚೆಂಡಿನ ಸದ್ದು ಹಿಡಿದು ಎಡಕ್ಕೆ ಸರಿದ. ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳ ಕಿವಿಯನ್ನು ನಂಬಿ ಸಂಗೀತಗಾರರನ್ನು ಬೆಳೆಸಿದರು. ಆ ಸೀಮೆಯಲ್ಲಿ ಈ ಆಟಕ್ಕೆ ನೆಲ ಹದವಾಗಿಯೇ ಇದೆ ಎನಿಸಿತು.

ಧಾರವಾಡದ ಜಿಲ್ಲಾ ಲಾನ್ ಟೆನಿಸ್ ಸಂಸ್ಥೆಯ ಕೋರ್ಟುಗಳಲ್ಲಿ 2023ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಪುರುಷರ ಟೂರ್ನಿ ನಡೆದಿತ್ತು. ಅಂಥ ಕೋರ್ಟಿನಲ್ಲಿ ವಾರಕ್ಕೊಂದು ಸಂಜೆ ಈ ಮಕ್ಕಳೂ ಸರ್ವ್ ಮಾಡಬೇಕೆಂದು ನನಗೆ ತೀವ್ರವಾಗಿ ಅನಿಸಿತು. ಅಕ್ಕೋರಿಗೂ ಆ ಆಸೆಯಿದೆ.

ಅಂಗಳದಲ್ಲಿ ಪ್ರತಿ ಮಗುವಿಗೂ ಅದರದೇ ಒಂದು ಗೆರೆ, ಪಕ್ಕದಲ್ಲಿ ಹೆಸರಿನ ಮೊದಲ ಅಕ್ಷರ. ನೆಟ್‌ನಿಂದ ಎಷ್ಟು ದೂರ ಎಂಬುದು ಅವರವರಿಗೆ ಬಿಟ್ಟದ್ದು. ಬೆಳಗ್ಗೆ ಬೇಲಿಯ ಎದುರು ನಿಂತಿದ್ದ ಹುಡುಗಿ ತನ್ನ ಗೆರೆಯಿಂದ ಸಾಲಾಗಿ ನೆಟ್ ದಾಟಿಸಿದ ಮೇಲೆ ಅಕ್ಕೋರು ಸುಣ್ಣದ ಡಬ್ಬಿ ತಂದು ಒಂದು ಹೆಜ್ಜೆ ಹಿಂದೆ ಹೊಸ ಗೆರೆ ಎಳೆಯತೊಡಗಿದರು. ಅವಳು ಡಬ್ಬಿಯನ್ನು ಕಸಿದುಕೊಂಡು ಮತ್ತೂ ಎರಡು ಹೆಜ್ಜೆ ಹಿಂದೆ ಹೋಗಿ ತಾನೇ ಎಳೆದಳು, ಸೊಟ್ಟಗೆ. "ಅಷ್ಟ ದೂರ ಆಗತೈತೇನ ತಂಗೆವ್ವಾ?" ಎಂದರು ಅಕ್ಕೋರು. ಅವಳಾಗಲೇ ಚೆಂಡಿಗೆ ಕೈ ಚಾಚಿದ್ದಳು.