ಕಿವಿಗೆ ಎರಡು ಹನಿ

ಮಕ್ಕಳ ಕಿವಿನೋವಿಗೆ ರಾತ್ರಿಯ ಮೇಲೆ ಅದೇನೋ ಪ್ರೀತಿ. ಹಗಲೆಲ್ಲ ಅಂಗಳದಲ್ಲಿ ಕುಣಿದಾಡಿದ ನಮ್ಮ ಮೊಮ್ಮಗಳು, ಊರು ಮಲಗಿ ಬಳ್ಳಾರಿ ರಸ್ತೆಯ ಲಾರಿಗಳ ಸದ್ದು ಮಾತ್ರ ಉಳಿದ ಹೊತ್ತಿನಲ್ಲಿ ಚಿಟ್ಟನೆ ಚೀರಿ ಎದ್ದು ಕುಳಿತಳು. ಆಗ ಅವಳಿಗೆ ಎರಡು ವರ್ಷ ತುಂಬಿ ನಾಲ್ಕು ತಿಂಗಳು. ನೋವು ಎಲ್ಲಿ ಎಂದು ಹೇಳಲು ಬಾರದ ವಯಸ್ಸು. ಕಿವಿಯನ್ನು ಹಿಡಿದೆಳೆಯುತ್ತಿದ್ದುದರಿಂದ ನಾವೇ ಊಹಿಸಿಕೊಂಡೆವು. ನನ್ನ ಹೆಂಡತಿ ಬೆಳ್ಳುಳ್ಳಿಯ ಎಸಳೊಂದನ್ನು ಎಣ್ಣೆಯಲ್ಲಿ ಕಾಯಿಸಿ, ಹತ್ತಿಯ ತುದಿಯಿಂದ ಎರಡು ಹನಿ ಬಿಟ್ಟಳು. ದೀಪ ಹಿಡಿದು ನಿಂತವನು ನಾನು. ಬೆಳಗಿನ ಜಾವಕ್ಕೆ ಕಿವಿಯಿಂದ ತೆಳ್ಳನೆಯ ಕೀವು ಹರಿಯಿತು. ಮಗು ನಿದ್ದೆ ಹೋಯಿತು. "ನೋಡಿದಿರಾ, ಎಣ್ಣೆ ಕೆಟ್ಟದ್ದನ್ನೆಲ್ಲ ಹೊರಹಾಕಿತು" ಎಂದು ಮನೆಯೆಲ್ಲ ಸಮಾಧಾನಪಟ್ಟಿತು.

ನಮ್ಮದು ತಳಕು. ಸಾಹಿತ್ಯಪ್ರಿಯರಾದ ವಾಚಕರು ಈ ಹೆಸರನ್ನು ವೆಂಕಣ್ಣಯ್ಯನವರ ಮತ್ತು ತ.ರಾ.ಸು. ಅವರ ಹೆಸರುಗಳೊಡನೆ ಕೇಳಿರಬಹುದು. ಊರಿನಲ್ಲಿಯೇ ಉಳಿದ ನಮ್ಮಂಥವರು ಮುಗಿಲಿಗೆ ಮುಖವೆತ್ತಿ ಶೇಂಗಾ ಬಿತ್ತುವವರು. ಆ ಶೇಂಗಾವನ್ನು ಅರೆದು ಅರೆದೇ ಚಳ್ಳಕೆರೆಗೆ ಎಣ್ಣೆಯ ಪಟ್ಟಣವೆಂಬ ಬಿರುದು ಬಂದದ್ದು. ಹೀಗಾಗಿ ಎಣ್ಣೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಶ್ರದ್ಧೆ ತುಸು ಹೆಚ್ಚೇ ಎನ್ನಬೇಕು.

ಆ ಶ್ರದ್ಧೆಗೆ ಮೊದಲ ಪೆಟ್ಟು ಕೊಟ್ಟವರು ಚಳ್ಳಕೆರೆಯ ಒಬ್ಬ ತರುಣ ವೈದ್ಯೆ. ಪುಟ್ಟ ದೀಪದ ಕೊಳವೆಯಿಂದ ಕಿವಿಯೊಳಗೆ ನೋಡಿ, "ತಮಟೆ ಹರಿದಿದೆ" ಎಂದರು. ಕಿವಿಯ ತಮಟೆಯ ಹಿಂದೆ ಕೀವು ತುಂಬಿ ಒತ್ತಿದಾಗ ನೋವು. ಮಲಗಿದರೆ ಒತ್ತಡ ಇನ್ನೂ ಹೆಚ್ಚು. ತಮಟೆ ಹರಿದು ಕೀವು ಹೊರಬಂದ ಕೂಡಲೇ ನೋವು ಇಳಿಯುತ್ತದೆ. ಹರಿದದ್ದು ತಮಟೆ, ಕೀರ್ತಿ ಬಂದದ್ದು ಎಣ್ಣೆಗೆ! ತಮಟೆ ಹರಿಯದಿದ್ದರೂ ಬಹುಪಾಲು ಮಕ್ಕಳಲ್ಲಿ ಎರಡು ಮೂರು ದಿನಗಳಲ್ಲಿ ನೋವು ತಾನಾಗಿಯೇ ಶಮನವಾಗುವುದುಂಟು. ಆಗಲೂ ಹೆಸರು ಎಣ್ಣೆಗೇ. ತಲೆಮಾರುಗಳ ಕಾಲ ಈ ಔಷಧಿ ಬಾಳಿ ಬಂದುದರ ಗುಟ್ಟು ಇದಿಷ್ಟೇ. ಹರಿದ ತಮಟೆಯ ಮೇಲೆ ಹೊಯ್ದ ಎಣ್ಣೆ ಮಾತ್ರ ಒಳಗಿಳಿದು ಕೇಡು ಮಾಡಬಲ್ಲುದು.

ಮಕ್ಕಳಿಗೇ ಇದು ಮೇಲಿಂದ ಮೇಲೆ ಬರುವುದೇಕೆಂದು ಕೇಳಿದೆ. ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ಸಣ್ಣ ನಾಳವಿದೆಯಂತೆ. 16ನೆಯ ಶತಮಾನದ ಇಟಲಿಯ ಅಂಗರಚನಾ ಪಂಡಿತ ಯೂಸ್ಟೇಕಿಯ ಹೆಸರು ಅದಕ್ಕಿದೆ. ನಾವು ಗುಟುಕರಿಸಿದಾಗಲೆಲ್ಲ ಅದು ತೆರೆದು ಒಳಗಿನ ಗಾಳಿಯನ್ನು ಸರಿಪಡಿಸುತ್ತದೆ. ದೊಡ್ಡವರಲ್ಲಿ ಅದಕ್ಕೆ ಇಳಿಜಾರುಂಟು. ಎಳೆಯರಲ್ಲಿ ಗಿಡ್ಡ, ಇಕ್ಕಟ್ಟು, ಹೆಚ್ಚುಕಡಿಮೆ ಮಟ್ಟಸ. ಹೊಲದ ಕಾಲುವೆಗೆ ವಾಟ ಸಾಲದಿದ್ದರೆ ನೀರು ನಿಂತು ಕೊಳೆಯುವುದನ್ನು ನಾನು ಬಲ್ಲೆ. ಹೆಚ್ಚಿನ ವಿವರಣೆ ನನಗೆ ಬೇಕಾಗಲಿಲ್ಲ. ನೆಗಡಿಯಾದಾಗ ಆ ಬಾಯಿ ಊದಿ ಮುಚ್ಚಿಕೊಳ್ಳುತ್ತದೆ. ಮಗುವನ್ನು ಮಲಗಿಸಿಯೇ ಬಾಟಲಿಯ ಹಾಲು ಕುಡಿಸುವುದು, ಒಲೆಯ ಹೊಗೆ, ಬೀಡಿಯ ಹೊಗೆ ಇವು ಅದಕ್ಕೆ ನೆರವು. ಬೀಡಿಯ ಮಾತು ಬಂದಾಗ ವೈದ್ಯೆ ನನ್ನ ಜೇಬಿನ ಕಡೆ ನೋಡಿದರೋ ಇಲ್ಲವೋ, ನಾನಂತೂ ಕೈಯಿಂದ ಜೇಬು ಮುಚ್ಚಿಕೊಂಡೆ.

ಔಷಧಿಯಿಂದ ಗುಣವಾಯಿತು, ಆರು ವಾರಕ್ಕೆ ಮತ್ತೆ ಬಂತು. ಆರು ತಿಂಗಳಲ್ಲಿ ಮೂರು ಸಲ, ಇಲ್ಲವೆ ವರ್ಷದಲ್ಲಿ ನಾಲ್ಕು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ನಮ್ಮವಳಿಗೆ ಆ ವರ್ಷ ಐದು ಸಲ.

ಇಲ್ಲಿ ನನ್ನ ಅಕ್ಕನ ಮಾತು ಹೇಳಲೇಬೇಕು. ಬಾಲ್ಯದಲ್ಲಿ ಅವಳ ಎರಡು ಕಿವಿಗಳೂ ಸೋರುತ್ತಿದ್ದವು. ದಿಂಬಿನ ಮೇಲೆ ಕಲೆ, ಹತ್ತಿರ ಕುಳಿತರೆ ವಾಸನೆ. ಶಾಲೆಯಲ್ಲಿ ಅವಳ ಪಕ್ಕದ ಜಾಗ ಸದಾ ಖಾಲಿ. "ದೊಡ್ಡವಳಾದರೆ ತಾನೇ ನಿಲ್ಲುತ್ತದೆ" ಎಂದರು ಹಿರಿಯರು. ನಿಂತಿತು, ನಿಜ. ಅಷ್ಟರಲ್ಲಿ ಕೇಳುವುದೂ ನಿಂತಿತ್ತು. ಅವಳನ್ನು ಮಂದಮತಿಯೆಂದು ತೀರ್ಮಾನಿಸಿ ಮೂರನೆಯ ತರಗತಿಗೇ ಬಿಡಿಸಿದರು. ಮಂದಳಾಗಿರಲಿಲ್ಲ ಅವಳು, ಚೌಕಾಬಾರದಲ್ಲಿ ಅವಳನ್ನು ಸೋಲಿಸಿದವರನ್ನು ನಾನು ಕಾಣೆ. ಯಾರು ಏನು ಹೇಳಿದರೂ ಮೊದಲು ಮುಗುಳುನಗುವುದನ್ನು ಅಭ್ಯಾಸ ಮಾಡಿಕೊಂಡಳು. ಒಮ್ಮೆ ಸಾವಿನ ಸುದ್ದಿ ತಂದವನೆದುರಿಗೂ ನಕ್ಕು, ಅವನ ಮುಖ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಳು. ಆ ದಿನ ನಾನು ಅವಳ ಮೇಲೆ ರೇಗಿದ್ದೆ.

ಆದುದರಿಂದಲೇ, ಮೊಮ್ಮಗಳಿಗೆ ಮೂರು ತುಂಬಿದ ಮೇಲೆ, "ಕೂಗಿದರೆ ತಿರುಗುವುದಿಲ್ಲ, ಬಹಳ ಹಟಮಾರಿ" ಎಂಬ ದೂರು ಮಕ್ಕಳ ಶಾಲೆಯಿಂದ ಬಂದಾಗ ನನ್ನ ಎದೆ ಧಸಕ್ಕೆಂದಿತು. ನೋವಿಲ್ಲ, ಜ್ವರವಿಲ್ಲ, ಕೀವಿಲ್ಲ. ಅವಳ ಬೆನ್ನ ಹಿಂದೆ ನಿಂತು ಮೆಲ್ಲನೆ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಬಾಗಿಲಲ್ಲಿದ್ದ ಅಕ್ಕ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಏನನ್ನು ಪರೀಕ್ಷಿಸುತ್ತಿದ್ದೇನೆಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಒಳಗೆ ಹೋಗಿ, ತಾನು ಶೇಂಗಾ ಮಾರಿ ಕೂಡಿಟ್ಟಿದ್ದ ಹಣದ ಗಂಟು ತಂದು ನನ್ನ ಮುಂದಿಟ್ಟಳು.

ಸುಮಾರು 300 ಕಿಲೋಮೀಟರು ದೂರದ ಮೈಸೂರಿಗೆ ಹೊರಟೆವು. ಅಲ್ಲಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು. ಮಾತು ಮತ್ತು ಕಿವಿಯ ತೊಂದರೆಯವರಿಗಾಗಿಯೇ ಇರುವ ಸಂಸ್ಥೆ. ಸದ್ದಿಲ್ಲದ ಕೋಣೆಯಲ್ಲಿ ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸಿ, ಆಟಿಕೆಗಳ ನಡುವೆ ಪರೀಕ್ಷೆ ಮಾಡಿದರು. ಗಾಜಿನಾಚೆ ನಿಂತ ನಾನು, ಅವಳ ಕತ್ತು ತಿರುಗಿದಾಗಲೆಲ್ಲ ದೇವರನ್ನು ನೆನೆದೆ, ತಿರುಗದಿದ್ದಾಗಲೂ ಅವನನ್ನೇ. ಒಳಗಿವಿಗೆ ಏನೂ ಆಗಿರಲಿಲ್ಲ. ತಮಟೆ ಮಾಗಿದ್ದರೂ ಅದರ ಹಿಂದೆ ಅಂಟುನೀರು ನಿಂತಿತ್ತು. ಸೋಂಕು ಹೋದ ಮೇಲೂ ಈ ನೀರು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯಬಹುದಂತೆ. ಬಹಳಷ್ಟು ಮಕ್ಕಳಲ್ಲಿ ಮೂರು ತಿಂಗಳೊಳಗೆ ಬತ್ತುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ಬತ್ತದೆ ನಿಂತರೆ ಮಾತೂ ಹಿಂದೆ ಬೀಳುತ್ತದೆ. ಕಾದೆವು. ಬತ್ತಲಿಲ್ಲ. ಕೊನೆಗೆ ಆಸ್ಪತ್ರೆಯೊಂದರಲ್ಲಿ, ಮೂಗಿನ ಹಿಂದೆ ಬೆಳೆದಿದ್ದ ಅಡಿನಾಯ್ಡ್ ಗಂಟನ್ನು ತೆಗೆದು, ತಮಟೆಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಕೊಳವೆಯನ್ನು ಇಟ್ಟರು. ಈ ಕೊಳವೆಯ ಚಿಕಿತ್ಸೆ 1954ರಿಂದ ಬಳಕೆಗೆ ಬಂದದ್ದು. ಬಹುಮಟ್ಟಿಗೆ ವರ್ಷದ ಆಸುಪಾಸಿನಲ್ಲಿ ಅದು ತಾನೇ ಉದುರಿಬೀಳುತ್ತದೆ.

ನ್ಯುಮೋಕಾಕಸ್ ಎಂಬ ಕ್ರಿಮಿ ಇಂಥ ಸೋಂಕಿನ ಮುಖ್ಯ ಕಾರಣಗಳಲ್ಲೊಂದು. ಅದರ ಲಸಿಕೆಯನ್ನು ನಮ್ಮ ದೇಶದಲ್ಲಿ 2017ರಿಂದ ಹಂತಹಂತವಾಗಿ, 2021ರಲ್ಲಿ ದೇಶಾದ್ಯಂತ, ಸರ್ಕಾರವೇ ಉಚಿತವಾಗಿ ಹಾಕಿಸತೊಡಗಿತು: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ಅದು ಎಲ್ಲ ಕಿವಿನೋವನ್ನೂ ತಡೆಯಲಾರದು, ಕೆಲವನ್ನು ತಡೆಯುತ್ತದೆ. ಕಿರಿಯ ಮೊಮ್ಮಗನಿಗೆ ಮೂರನ್ನೂ ತಪ್ಪದೆ ಹಾಕಿಸಿದ್ದೇವೆ.

ಮೈಸೂರಿನಿಂದ ಹಿಂದಿರುಗಿದ ರಾತ್ರಿ ಪಡಸಾಲೆಯಲ್ಲಿ ಎಲ್ಲರೂ ಕೂಡಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದೆವು. ಮೊಮ್ಮಗಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ಮತ್ತೆ ನೋವು ಬಂತೇನೋ ಎಂದು ನನ್ನ ಕೈಕಾಲು ತಣ್ಣಗಾಯಿತು.

"ಅಜ್ಜಾ, ಸಿಪ್ಪೆ ಗದ್ದಲ ಮಾಡ್ತೈತಿ" ಎಂದಳು.

ಮೊರದ ಆಚೆ ಕುಳಿತಿದ್ದ ಅಕ್ಕ, ನಮ್ಮೆಲ್ಲರ ಮುಖ ಬದಲಾದುದನ್ನು ಕಂಡು, ನಗಬೇಕೋ ಬೇಡವೋ ತಿಳಿಯದೆ, ಏನಂದಳೆಂದು ನನ್ನನ್ನು ಕೈಸನ್ನೆಯಿಂದ ಕೇಳಿದಳು. ನಾನು ಒಂದು ಕಾಯಿ ಒಡೆದು ತೋರಿಸಿ, ಕಿವಿ ಮುಟ್ಟಿ, ಮಗುವಿನ ಕಡೆ ಬೆರಳು ಮಾಡಿದೆ. ಅಕ್ಕ ಕಾಯಿಯೊಂದನ್ನು ತನ್ನ ಕಿವಿಯ ಬಳಿಗೆ ಎತ್ತಿ ಹಿಡಿದು ಒಡೆದಳು; ಬೀಜಗಳನ್ನು ಮಗುವಿನ ಅಂಗೈಗೆ ಹಾಕಿದಳು.