ಸೀಲು ಸೋರಿದ್ದಕ್ಕೆ ಅಂಗಡಿಯವರನ್ನ ಬೈದೆ

ಮೂರು ತಿಂಗಳ ಹಿಂದೆ ನಮ್ಮ ಹಳೇ ಜೀಪಿನ ಡಿಫರೆನ್ಷಿಯಲ್ ಆಯಿಲ್ ಸೀಲನ್ನು ಮನೆ ಅಂಗಳದಲ್ಲೇ ಬದಲಾಯಿಸಿದ್ದೆ. ತಿಂಗಳೊಳಗೆ ಮತ್ತೆ ಸೋರೋಕೆ ಶುರು. ಸಿಟ್ಟಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ನಾಲ್ಕು ಜನರ ಮುಂದೆ "ಡೂಪ್ಲಿಕೇಟ್ ಮಾಲು ಕೊಟ್ಟಿದೀರಿ" ಅಂತ ಕೂಗಾಡಿದೆ. ಅವರು ಎದುರು ಮಾತಾಡದೆ ಇನ್ನೊಂದು ಸೀಲು ಕೊಟ್ರು, ದುಡ್ಡು ತಗೊಳ್ಳಲಿಲ್ಲ.

ಹದಿನೈದು ದಿನದ ಹಿಂದೆ ಮತ್ತೆ ಬಿಚ್ಚಿದೆ. ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಸ್ಟ್ಯಾಂಡ್ ಇಟ್ಟೇ ಕೆಳಗೆ ನುಗ್ಗಿದ್ದು. ಬರೀ ಜಾಕ್ ನಂಬಬೇಡಿ. ಪ್ರೊಪೆಲ್ಲರ್ ಶಾಫ್ಟ್ ಕಳಚುವ ಮುಂಚೆ ಫ್ಲ್ಯಾಂಜಿಗೂ ನಟ್ಟಿಗೂ ಪಂಚ್‌ನಿಂದ ಗುರುತು ಹೊಡೆದೆ. ನಟ್ಟು ವಾಪಸ್ ಅದೇ ಗುರುತಿಗೆ ಬರಬೇಕು, ಜಾಸ್ತಿ ಬಿಗಿದ್ರೆ ಬೇರಿಂಗ್ ಕೆಡತ್ತೆ. ಸೀಲಿನ ತುಟಿ ಒಳಮುಖ ಇರಬೇಕು. ತುಟಿಗೆ ಆಯಿಲ್ ಸವರಿ, ಸೀಲಿನಷ್ಟೇ ಅಗಲದ ಪೈಪ್ ತುಂಡು ಇಟ್ಟು ಸುತ್ತ ಸಮನಾಗಿ ತಟ್ಟಿದೆ.

ಹೋದ ಸಲವೂ ಇಷ್ಟೇ ಮಾಡಿದ್ದೆ. ಈ ಸಲ ಹೌಸಿಂಗ್ ಮೇಲಿನ ಬ್ರೀದರ್ ಕಣ್ಣಿಗೆ ಬಿತ್ತು. ಗದ್ದೆ ಕೆಸರು ಒಣಗಿ ಅದರ ತೂತು ಪೂರಾ ಮುಚ್ಚಿತ್ತು. ಗಾಡಿ ಓಡಿದ ಹಾಗೆ ಆಯಿಲ್ ಬಿಸಿಯಾಗತ್ತೆ, ಒಳಗಿನ ಗಾಳಿ ಹಿಗ್ಗತ್ತೆ. ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ ಸೀಲಿನ ಸಂದಿಯಿಂದ ಆಯಿಲನ್ನೇ ತಳ್ಳತ್ತೆ. ಬ್ರೀದರ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದೆ, ತಂತಿ ಆಡಿಸಿದೆ. 90 ನಂಬರ್ ಗೇರ್ ಆಯಿಲ್ ತುಂಬಿಸಿದೆ. ಇವತ್ತಿನವರೆಗೆ ಒಂದು ಹನಿ ಬಿದ್ದಿಲ್ಲ.

ಸೀಲು ಸರಿಯಾಗೇ ಇತ್ತು. ತಪ್ಪು ನಂದು. ನಾಳೆ ಹೋಗಿ ಆ ಸೀಲಿನ ದುಡ್ಡು ಕೊಟ್ಟು, ತಪ್ಪಾಯ್ತು ಅಂತ ಹೇಳಬೇಕು. ಬೈದದ್ದು ನಾಲ್ಕು ಜನರ ಮುಂದೆ, ಅದಕ್ಕೇ ಇಲ್ಲೂ ಬರೆದೆ. ನಿಮ್ಮ ಗಾಡಿ ಸೋರಿದ್ರೆ ಮೊದಲು ಬ್ರೀದರ್ ನೋಡಿ, ಆಮೇಲೆ ಅಂಗಡಿಗೆ ಹೋಗಿ.