ಕಣ್ಣಿಲ್ಲದ ಕಂಪ್ಯೂಟರ್

2004ರ ಮಾತು. ನಮ್ಮ ಪ್ರೌಢಶಾಲೆಯಲ್ಲಿದ್ದ ಒಂದೇ ಒಂದು ಕಂಪ್ಯೂಟರಿಗೆ ವಿಜ್ಞಾನದ ಮೇಷ್ಟ್ರಾದ ನಾನೇ ಪಾರುಪತ್ತೇಗಾರ. ಒಂದು ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ದುಬೈಯಿಂದ ರಜೆಗೆ ಬಂದಿದ್ದ ಮಾವನ ಕ್ಯಾಮೆರಾ ಮೊಬೈಲು ತಂದ. "ಸಾರ್, ಇದರಲ್ಲಿ ಅಜ್ಜಿ ಫೋಟೊ ಇದೆ. ಇನ್‌ಫ್ರಾರೆಡ್‌ನಲ್ಲಿ ಕಂಪ್ಯೂಟರಿಗೆ ಹಾಕಬಹುದಂತೆ" ಎಂದ.

ಇನ್‌ಫ್ರಾರೆಡ್ ಎಂದರೆ ಅವಕೆಂಪು ಕಿರಣ. ನನ್ನ ಪಾಠದ ವಿಷಯವೇ. 1800ರಲ್ಲಿ ವಿಲಿಯಂ ಹರ್ಷೆಲ್ ಬಣ್ಣಗಳ ಪಟ್ಟಿಯಲ್ಲಿ ಕೆಂಪಿನಾಚೆಗೆ ಉಷ್ಣಮಾಪಕ ಇಟ್ಟು ಅದನ್ನು ಕಂಡುಹಿಡಿದ ಕತೆಯನ್ನು ವರ್ಷ ವರ್ಷವೂ ಹೇಳುತ್ತಿದ್ದೆ. ಹುಮ್ಮಸ್ಸಿನಿಂದ ಕಂಪ್ಯೂಟರಿನ ಸೆಟಪ್ ತೆರೆದೆ. ಇನ್‌ಫ್ರಾರೆಡ್ ಎಂಬ ಸಾಲೂ ಇತ್ತು, ಚಾಲೂ ಮಾಡಿದೆ. ಮೊಬೈಲನ್ನು ಪೆಟ್ಟಿಗೆಯ ಹಿಂದೆ, ಮುಂದೆ, ಪಕ್ಕದಲ್ಲಿ ಹಿಡಿದದ್ದಾಯಿತು. ಏನೂ ಆಗಲಿಲ್ಲ. ತರಗತಿಯೆಲ್ಲ ನೋಡುತ್ತಿತ್ತು. "ನಿನ್ನ ಮೊಬೈಲೇ ಕೆಟ್ಟಿದೆ, ಹೋಗು" ಎಂದುಬಿಟ್ಟೆ.

ಎರಡು ದಿನದ ಮೇಲೆ ರಿಪೇರಿಯವನು ಬಂದು ಪೆಟ್ಟಿಗೆ ಬಿಚ್ಚಿದಾಗ ಈ ವಿಷಯ ಕೇಳಿದೆ. ಮದರ್‌ಬೋರ್ಡಿನ ಮೇಲಿದ್ದ ಪುಟ್ಟ ಪಿನ್ನುಗಳ ಸಾಲೊಂದನ್ನು ತೋರಿಸಿ ನಕ್ಕ. "ಜಾಗ ಮಾತ್ರ ಇದೆ ಸಾರ್. ಇದಕ್ಕೆ ವೈರು ಸಿಕ್ಕಿಸಿ ಹೊರಗೊಂದು ಕಣ್ಣು ಕೂರಿಸಬೇಕು. ಲ್ಯಾಪ್‌ಟಾಪಿನಲ್ಲಾದರೆ ಇರುತ್ತೆ, ಡೆಸ್ಕ್‌ಟಾಪಿಗೆ ಹಾಕಿಸೋರು ಕಡಿಮೆ." ನರವಿತ್ತು, ಕಣ್ಣಿರಲಿಲ್ಲ!

ಕಣ್ಣಿದ್ದರೂ ಅದರ ಶಿಸ್ತೇ ಬೇರೆ. 1993ರಲ್ಲಿ ಹುಟ್ಟಿದ 'ಇರ್ಡಾ' ಎಂಬ ಸಂಘ ಇದಕ್ಕೆ ನಿಯಮ ರೂಪಿಸಿತು. ಎರಡು ಉಪಕರಣಗಳ ಕಣ್ಣುಗಳು ಎದುರುಬದುರಾಗಿ, ಸುಮಾರು ಒಂದು ಮೀಟರಿನೊಳಗೆ ಇರಬೇಕು. ನಡುವೆ ಅಂಗೈ ಅಡ್ಡ ಬಂದರೂ ಸಂಪರ್ಕ ಕಡಿಯುತ್ತದೆ. ಮೊದಲ ನಿಯಮದ ಗರಿಷ್ಠ ವೇಗ ಸೆಕೆಂಡಿಗೆ 1,15,200 ಬಿಟ್; ಒಂದು ಫ್ಲಾಪಿಯಷ್ಟು ಮಾಹಿತಿ ಸಾಗಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಮುಂದೆ ಯುಎಸ್‌ಬಿ, ಬ್ಲೂಟೂತ್‌ಗಳ ಕಾಲದಲ್ಲಿ ಅದು ಮೂಲೆ ಸೇರಿತು.

ಆ ಹುಡುಗನನ್ನು ಕರೆದು ನಿಜ ಹೇಳಿದೆ. ಅವನ ಕಣ್ಣು ತುಂಬಿತು. ಮೊಬೈಲು ಕೆಟ್ಟಿದೆಯೆಂದು ಮೇಷ್ಟ್ರು ಹೇಳಿದರೆಂದಾಗ, ಇವನೇ ಬೀಳಿಸಿರಬೇಕೆಂದು ಮಾವ ಚೆನ್ನಾಗಿ ಬೈದಿದ್ದರಂತೆ. ಅಂದು ಸಂಜೆಯೇ ಅವರ ಮನೆಗೆ ಹೋಗಿ, "ಮೊಬೈಲು ಕೆಟ್ಟಿರಲಿಲ್ಲ, ತಪ್ಪು ನನ್ನದು" ಎಂದೆ. ಮಾರನೆಯ ದಿನ ತರಗತಿಯ ಮುಂದೆಯೂ ಅದನ್ನೇ ಹೇಳಿದೆ. ಹುಡುಗ ತಲೆಯೆತ್ತಿ ಕೂತ.

ಮಕ್ಕಳೇ, ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ. ಬರಿಗಣ್ಣಿಗೆ ಕಾಣದ ಅವಕೆಂಪು ಕಿರಣ ಪರದೆಯ ಮೇಲೆ ಮಿನುಗೀತು. ಮಿನುಗದಿದ್ದರೆ ರಿಮೋಟು ಕೆಟ್ಟಿದೆ ಎಂದು ತೀರ್ಪು ಕೊಡಬೇಡಿ. ಕೆಲವು ಕ್ಯಾಮೆರಾಗಳು ಆ ಕಿರಣವನ್ನು ಒಳಗೆ ಬಿಡುವುದಿಲ್ಲ. ತಾಯ್ತಂದೆಯರಿಗೂ ಅದೇ ಮಾತು: ಮಗುವನ್ನು ಗದರುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ.